ಔಷಧ ಕೊಡುವವರ ಹೊಣೆ

ರೋಗಿಯು ವೈದ್ಯರಲ್ಲಿಗೆ ಹೋಗುತ್ತಾನೆ. ವೈದ್ಯರು ನಾಡಿ ನೋಡಿ, ಎದೆಬಡಿತವನ್ನು ಆಲಿಸಿ, ನಾಲ್ಕು ಪ್ರಶ್ನೆ ಕೇಳಿ, ಒಂದು ಚೀಟಿಯನ್ನು ಬರೆದುಕೊಡುತ್ತಾರೆ. ಚಿಕಿತ್ಸೆಯ ಮುಖ್ಯಭಾಗ ಅಲ್ಲಿಗೆ ಮುಗಿಯಿತೆಂದೇ ಬಹು ಮಂದಿಯ ಭಾವನೆ. ಆದರೆ ಆ ಚೀಟಿಯ ಮೇಲಿನ ಅಕ್ಷರಗಳು ಮಾತ್ರೆಯಾಗಿಯೋ ಮುಲಾಮಾಗಿಯೋ ರೋಗಿಯ ಕೈಗೆ ಬರಬೇಕಾದರೆ ನಡುವೆ ಇನ್ನೊಬ್ಬರ ಕೈ ಕೆಲಸ ಮಾಡಬೇಕು. ವೈದ್ಯರ ತೀರ್ಮಾನ ಎಷ್ಟೇ ಸರಿಯಾಗಿದ್ದರೂ ಈ ಕೈ ತಪ್ಪಿದರೆ ಅದು ವ್ಯರ್ಥವಾಗುತ್ತದೆ. ಒಮ್ಮೊಮ್ಮೆ ಪ್ರಾಣಕ್ಕೆ ಎರವಾಗುತ್ತದೆ. ವೈದ್ಯರ ಕೈ ತಪ್ಪಿದ್ದಾಗ ಅದನ್ನು ಕಂಡು ತಡೆಯಬಲ್ಲ ಕೊನೆಯ ವ್ಯಕ್ತಿಯೂ ಇವರೇ. ಇಂಗ್ಲಿಷಿನಲ್ಲಿ ಫಾರ್ಮಾಸಿಸ್ಟ್ ಎಂದೂ ಕನ್ನಡದಲ್ಲಿ ಔಷಧ ವಿತರಕರೆಂದೂ ಕರೆಯಲ್ಪಡುವ ಇವರ ವೃತ್ತಿ ಹೊರನೋಟಕ್ಕೆ ಅಂಗಡಿಯ ವ್ಯಾಪಾರದಂತೆ ಕಾಣುತ್ತದೆ. ಈ ನೋಟವೇ ಅನೇಕ ಅನರ್ಥಗಳಿಗೆ ಮೂಲವಾಗಿದೆ.

ನಮ್ಮ ಪ್ರಾಚೀನರು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದ್ದಾರೆ: ವೈದ್ಯ, ದ್ರವ್ಯ, ಉಪಚಾರಕ ಮತ್ತು ರೋಗಿ. ಇಲ್ಲಿ ದ್ರವ್ಯವೆಂದರೆ ಔಷಧ. ಔಷಧಕ್ಕೆ ಪ್ರತ್ಯೇಕವಾದ ಸ್ಥಾನವಿದ್ದರೂ ಅದನ್ನು ಸಿದ್ಧಪಡಿಸುವ ಪ್ರತ್ಯೇಕ ವ್ಯಕ್ತಿಯೊಬ್ಬನಿಗೆ ಈ ಎಣಿಕೆಯಲ್ಲಿ ಸ್ಥಾನವಿಲ್ಲ. ಬೇರು ನಾರುಗಳನ್ನು ತಂದು ಕುಟ್ಟಿ, ಕಷಾಯ ಕಾಸಿ, ಲೇಹ್ಯ ಮಾಡುವ ಕೆಲಸವನ್ನು ಸಾಮಾನ್ಯವಾಗಿ ಪಂಡಿತರೇ ಮಾಡುತ್ತಿದ್ದರು, ಇಲ್ಲವೆ ತಮ್ಮ ಕಣ್ಣೆದುರಿನಲ್ಲಿ ಮಾಡಿಸುತ್ತಿದ್ದರು. ಪಾಶ್ಚಾತ್ಯ ವೈದ್ಯಪದ್ಧತಿ ಬಂದ ಮೇಲೆ ಊರಿನ ಆಸ್ಪತ್ರೆಗಳಲ್ಲಿ ಕಾಂಪೌಂಡರ್ ಎಂಬುವನು ಕಾಣಿಸಿಕೊಂಡನು. ಆ ಕಾಲದಲ್ಲಿ ರೋಗಿಗಳು ಮನೆಯಿಂದಲೇ ಖಾಲಿ ಸೀಸೆಯನ್ನು ತೊಳೆದು ಒಯ್ಯುತ್ತಿದ್ದರು. ಕಾಂಪೌಂಡರನು ದೊಡ್ಡ ಜಾಡಿಗಳಿಂದ ದ್ರವವನ್ನು ಅಳೆದು ಬೆರೆಸಿ ಅದಕ್ಕೆ ತುಂಬಿ, ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಸೀಸೆಯ ಪಕ್ಕಕ್ಕೆ ಅಂಟಿಸಿಕೊಡುತ್ತಿದ್ದನು. ಒಂದೊಂದು ಹಲ್ಲಿಗೆ ಒಂದೊಂದು ವೇಳೆಯ ಔಷಧ. ಓದು ಬಾರದವರೂ ತಪ್ಪದೆ ಕುಡಿಯಬಹುದಾಗಿದ್ದ ಈ ಏರ್ಪಾಡು ಬಹು ಸರಳವಾದುದು. ಇಂದಿನ ಅಚ್ಚುಕಟ್ಟಾದ ಪೆಟ್ಟಿಗೆಗಳಲ್ಲಿ ಇಷ್ಟು ಸರಳವಾದ ಸೂಚನೆ ಸಿಕ್ಕುವುದು ಅಪರೂಪ.

ಔಷಧ ಬರೆಯುವವರು ಬೇರೆ, ಅದನ್ನು ಕೊಡುವವರು ಬೇರೆ ಎಂಬ ವಿಭಾಗ ಯೂರೋಪಿನಲ್ಲಿ ಹಳೆಯದು. 13ನೆಯ ಶತಮಾನದ ಪೂರ್ವಾರ್ಧದಲ್ಲಿ ಸಿಸಿಲಿಯನ್ನು ಆಳುತ್ತಿದ್ದ ಚಕ್ರವರ್ತಿ ಎರಡನೆಯ ಫ್ರೆಡರಿಕನು ತನ್ನ ರಾಜ್ಯದಲ್ಲಿ ಇದನ್ನು ಶಾಸನದಿಂದ ಕಡ್ಡಾಯಗೊಳಿಸಿದನು. ವೈದ್ಯನಾದವನು ಔಷಧ ವ್ಯಾಪಾರದಲ್ಲಿ ಪಾಲುದಾರನಾಗಬಾರದು. ಔಷಧ ಮಾಡುವವನು ಶಾಸ್ತ್ರೋಕ್ತವಾದ ಕ್ರಮದಲ್ಲಿಯೇ ಮಾಡುವೆನೆಂದು ಪ್ರಮಾಣ ಮಾಡಬೇಕು. ಬೆಲೆಗೆ ಮಿತಿಯಿರಬೇಕು ಎಂಬುವು ಆ ಶಾಸನದ ಮುಖ್ಯಾಂಶಗಳು. ಇದರ ಉದ್ದೇಶ ಸ್ಪಷ್ಟವಾಗಿದೆ. ಹೆಚ್ಚು ಔಷಧ ಮಾರಾಟವಾದರೆ ಯಾರಿಗೆ ಹೆಚ್ಚು ಲಾಭವೋ ಅವರೇ ಎಷ್ಟು ಔಷಧ ಬೇಕೆಂದು ನಿರ್ಣಯಿಸುವುದು ರೋಗಿಗೆ ಕ್ಷೇಮವಲ್ಲ. ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡುವಂತಿದ್ದರೆ ತಪ್ಪು ನುಸುಳುವ ದಾರಿ ಕಿರಿದಾಗುತ್ತದೆ.

ಈಗ ಬೆರೆಸುವ, ಅರೆಯುವ ಕೆಲಸವೆಲ್ಲ ಕಾರ್ಖಾನೆಗಳಿಗೆ ಸೇರಿದೆ. ಸಿದ್ಧವಾಗಿ ಬಂದ ಮಾತ್ರೆಗಳನ್ನು ಕಪಾಟಿನಿಂದ ತೆಗೆದುಕೊಡುವುದಷ್ಟೇ ಉಳಿದಿರುವಾಗ ಅದಕ್ಕೆ ವಿದ್ಯೆ ಏಕೆ, ಪರವಾನಗಿ ಏಕೆ ಎಂದು ಕೇಳುವವರುಂಟು. ಈ ಪ್ರಶ್ನೆಗೆ ಉತ್ತರವನ್ನು ತರ್ಕದಲ್ಲಿ ಹುಡುಕುವುದಕ್ಕಿಂತ 1937ರಲ್ಲಿ ಅಮೆರಿಕದಲ್ಲಿ ನಡೆದ ಒಂದು ದುರಂತದಲ್ಲಿ ಹುಡುಕುವುದು ಮೇಲು.

ಆ ಕಾಲದಲ್ಲಿ ಸಲ್ಫನಿಲಮೈಡ್ ಎಂಬ ಔಷಧ ಹೊಸದಾಗಿ ಬಂದಿತ್ತು. ಗಂಟಲುಬೇನೆ ಮೊದಲಾದ ಸೋಂಕುಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತಿತ್ತು. ಆದರೆ ಅದು ಮಾತ್ರೆಯಾಗಿಯೂ ಪುಡಿಯಾಗಿಯೂ ಮಾತ್ರ ದೊರೆಯುತ್ತಿತ್ತು. ಮಕ್ಕಳಿಗೆ ಕುಡಿಸಲು ದ್ರವರೂಪದ ಔಷಧ ಬೇಕೆಂದು ಜನ ಕೇಳುತ್ತಿದ್ದರು. ಟೆನೆಸ್ಸಿ ಪ್ರಾಂತದ ಕಂಪನಿಯೊಂದರ ಮುಖ್ಯ ರಸಾಯನಜ್ಞನು ಈ ಪುಡಿ ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರವದಲ್ಲಿ ಕರಗುವುದನ್ನು ಕಂಡುಕೊಂಡನು. ಆ ದ್ರವ ಬಣ್ಣವಿಲ್ಲದ್ದು, ರುಚಿಯಲ್ಲಿ ಸಿಹಿ. ರಾಸ್ಪ್‌ಬೆರಿ ಹಣ್ಣಿನ ಸ್ವಾದವನ್ನು ಸೇರಿಸಿ ಕಂಪನಿಯು 240 ಗ್ಯಾಲನ್, ಎಂದರೆ ಸುಮಾರು 900 ಲೀಟರು ಔಷಧವನ್ನು ತಯಾರಿಸಿತು. ರುಚಿ ಹೇಗಿದೆ ಎಂದು ನೋಡಿದರು, ಬಣ್ಣವನ್ನು ನೋಡಿದರು, ಪರಿಮಳವನ್ನು ನೋಡಿದರು. ಅದು ವಿಷವೋ ಅಲ್ಲವೋ ಎಂಬುದನ್ನು ಮಾತ್ರ ನೋಡಲಿಲ್ಲ. ಹಾಗೆ ನೋಡಬೇಕೆಂದು ಅಲ್ಲಿನ ಕಾನೂನೂ ಹೇಳುತ್ತಿರಲಿಲ್ಲ.

ಡೈಎಥಿಲೀನ್ ಗ್ಲೈಕಾಲ್ ಮೂತ್ರಪಿಂಡಗಳನ್ನು ಹಾಳುಮಾಡುವ ವಿಷ. ಸೆಪ್ಟೆಂಬರಿನಲ್ಲಿ ಔಷಧ ಅಂಗಡಿಗಳಿಗೆ ಹೋಯಿತು. ಅಕ್ಟೋಬರಿನಲ್ಲಿ ಸಾವಿನ ಸುದ್ದಿಗಳು ಬರತೊಡಗಿದವು. ಸರ್ಕಾರದ ಆಹಾರ ಮತ್ತು ಔಷಧ ಇಲಾಖೆಯು ತನ್ನ ಪರಿವೀಕ್ಷಕರನ್ನೆಲ್ಲ ಬೇರೆ ಕೆಲಸಗಳಿಂದ ಬಿಡಿಸಿ ಒಂದೊಂದು ಸೀಸೆಯನ್ನೂ ಹುಡುಕಲು ಕಳುಹಿಸಿತು. ಅವರು ಕಂಪನಿಯ ರವಾನೆಯ ಪಟ್ಟಿಗಳನ್ನು ಹಿಡಿದು ಅಂಗಡಿಗಳಿಗೆ ಹೋದರು. ಅಂಗಡಿಗಳಲ್ಲಿದ್ದ ವೈದ್ಯರ ಚೀಟಿಗಳನ್ನು ಒಂದೊಂದಾಗಿ ತಿರುವಿ ಹಾಕಿದರು. ಚೀಟಿಯಲ್ಲಿದ್ದ ಹೆಸರನ್ನು ಹಿಡಿದು ಮನೆಗಳನ್ನು ಹುಡುಕಿದರು. ಎಲ್ಲಿ ಹೆಸರೂ ವಿಳಾಸವೂ ಬರೆದಿಡಲ್ಪಟ್ಟಿದ್ದುವೋ ಅಲ್ಲಿ ಸೀಸೆಯನ್ನು ಮುಟ್ಟುಗೋಲು ಹಾಕಿಕೊಳ್ಳುವುದು ಸಾಧ್ಯವಾಯಿತು. ಹೆಸರಿಲ್ಲದೆ ಕೈಮೇಲೆ ಮಾರಿದ ಸೀಸೆಯನ್ನು ಹುಡುಕುವುದು ಕತ್ತಲೆಯಲ್ಲಿ ತಡಕಾಡಿದಂತೆಯೇ ಸರಿ. ಕೊನೆಗೆ 234 ಗ್ಯಾಲನ್‌ಗಳಷ್ಟು ಔಷಧವನ್ನು ಹಿಂದಕ್ಕೆ ಪಡೆದರು. ಉಳಿದ ಸುಮಾರು ಆರು ಗ್ಯಾಲನ್ ಔಷಧ ಕುಡಿದು ಸತ್ತವರು 100ಕ್ಕೂ ಹೆಚ್ಚು ಮಂದಿ. ಅವರಲ್ಲಿ ಮಕ್ಕಳು ಅನೇಕರು. ಇನ್ನೂ ಒಂದು ವಿಚಿತ್ರವನ್ನು ಹೇಳಬೇಕು. ಅಷ್ಟು ಜನರ ಸಾವಿಗೆ ಕಂಪನಿಯನ್ನು ಶಿಕ್ಷಿಸುವ ಕಾನೂನು ಇರಲಿಲ್ಲ. ‘ಎಲಿಕ್ಸಿರ್’ ಎಂಬ ಹೆಸರಿನ ಔಷಧದಲ್ಲಿ ಮದ್ಯಸಾರ ಇರಬೇಕು, ಇದರಲ್ಲಿ ಅದಿಲ್ಲ, ಆದ್ದರಿಂದ ಹೆಸರು ತಪ್ಪು ಎಂಬ ಆಪಾದನೆಯ ಮೇಲೆಯೇ ದಂಡ ವಿಧಿಸಬೇಕಾಯಿತು. ಮರುವರ್ಷ, 1938ರಲ್ಲಿ, ಹೊಸ ಔಷಧ ನಿರಪಾಯಕರವೆಂದು ತೋರಿಸಿದ ಮೇಲೆಯೇ ಮಾರಬೇಕೆಂಬ ಕಾನೂನು ಅಲ್ಲಿ ಬಂದಿತು.

ಇದೇ ವಿಷ ಮತ್ತೆ ಮತ್ತೆ ತಲೆಯೆತ್ತಿದೆ. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತಿದ್ದ ಗ್ಲಿಸರಿನ್ ಸೇವಿಸಿ 14 ರೋಗಿಗಳು ತೀರಿಕೊಂಡರು. ನ್ಯಾಯಮೂರ್ತಿ ಲೆಂಟಿನ್ ಅವರ ಆಯೋಗ ಆ ಬಗ್ಗೆ ವಿಚಾರಣೆ ನಡೆಸಿತು. 2022ರಲ್ಲಿ ಆಫ್ರಿಕದ ಗ್ಯಾಂಬಿಯಾ ದೇಶದಲ್ಲಿ 60ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡಗಳು ಕೆಟ್ಟು ಸತ್ತಾಗ ವಿಶ್ವ ಆರೋಗ್ಯ ಸಂಸ್ಥೆಯು ಭಾರತದಲ್ಲಿ ತಯಾರಾದ ಕೆಮ್ಮಿನ ಔಷಧಗಳ ಬಗ್ಗೆ ಎಚ್ಚರಿಕೆ ನೀಡಿತು. ಪರೀಕ್ಷೆಯಲ್ಲಿ ಅವುಗಳಲ್ಲಿ ಇದೇ ವಿಷ ಕಂಡುಬಂದಿತ್ತು.

ಮೂಲೆಯ ಅಂಗಡಿಯಲ್ಲಿ ಕುಳಿತ ಔಷಧ ವಿತರಕರು ಸೀಸೆಯೊಳಗಿನ ವಿಷವನ್ನು ಕಣ್ಣಿನಿಂದ ಕಾಣಬಲ್ಲರೆ? ಕಾಣಲಾರರು. ಅವರಲ್ಲಿ ಪ್ರಯೋಗಾಲಯವಿಲ್ಲ. ಆದರೆ ಪರವಾನಗಿಯುಳ್ಳವರಿಂದ ಮಾತ್ರ, ರಸೀದಿ ಪಡೆದು, ಔಷಧವನ್ನು ಕೊಳ್ಳುವುದು ಅವರ ಕೈಯಲ್ಲಿದೆ. ಪ್ರತಿಯೊಂದು ಔಷಧದ ಮೇಲೂ ಅಚ್ಚಾಗಿರುವ ಬ್ಯಾಚ್ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಯುವುದು ಅವರ ಕೈಯಲ್ಲಿದೆ. ಇಂಥ ಬ್ಯಾಚು ಕೆಟ್ಟದ್ದೆಂದು ಇಲಾಖೆಯಿಂದ ತಿಳಿದ ಕ್ಷಣವೇ ಮಾರಾಟವನ್ನು ನಿಲ್ಲಿಸಿ, ಈಗಾಗಲೇ ಒಯ್ದವರಿಗೆ ಹೇಳಿಕಳುಹಿಸುವುದೂ ಅವರ ಕೈಯಲ್ಲಿದೆ. ಬಿಲ್ಲು ಬೇಡವೆನ್ನುವ ಗಿರಾಕಿಗೂ ಬಿಲ್ಲು ಕೊಡುವ ಅಂಗಡಿಯವರು ಬರಿಯ ಲೆಕ್ಕಾಚಾರದ ಶಿಸ್ತಿಗಾಗಿ ಹಾಗೆ ಮಾಡುವುದಿಲ್ಲ.

ಭಾರತದಲ್ಲಿ ಈ ವೃತ್ತಿಗೆ ಕಟ್ಟುಪಾಡು ಬಂದುದು ತಡವಾಗಿ. ನಕಲಿ ಮತ್ತು ಕಲಬೆರಕೆ ಔಷಧಗಳು ಪೇಟೆಯಲ್ಲಿ ತುಂಬಿದ್ದ ಕಾರಣ 1930ರಲ್ಲಿ ಸರ್ಕಾರವು ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಔಷಧಗಳ ಗುಣಮಟ್ಟಕ್ಕೂ, ಔಷಧ ಕೊಡುವವರ ಶಿಕ್ಷಣಕ್ಕೂ ಕಾನೂನು ಬೇಕೆಂದು ಸಮಿತಿ ಹೇಳಿತು. 1932ರಲ್ಲಿ ಮಹಾದೇವ ಲಾಲ್ ಶ್ರಾಫ್ ಅವರು ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಔಷಧಶಾಸ್ತ್ರದ ಶಿಕ್ಷಣಕ್ಕೆ ಅಡಿಪಾಯ ಹಾಕಿದರು. 1940ರಲ್ಲಿ ಔಷಧಗಳ ಕಾಯಿದೆಯೂ 1948ರಲ್ಲಿ ಫಾರ್ಮಸಿ ಕಾಯಿದೆಯೂ ಜಾರಿಗೆ ಬಂದುವು. ನೋಂದಾಯಿತ ಫಾರ್ಮಾಸಿಸ್ಟರಲ್ಲದೆ ಬೇರೆ ಯಾರೂ ವೈದ್ಯರ ಚೀಟಿಯ ಮೇಲೆ ಔಷಧ ಕೊಡಬಾರದೆಂಬುದು ಈ ಎರಡನೆಯ ಕಾಯಿದೆಯ ತಿರುಳು. 2015ರ ಫಾರ್ಮಸಿ ವೃತ್ತಿ ನಿಯಮಗಳು ಇನ್ನೂ ಮುಂದೆ ಹೋಗಿ, ರೋಗಿಗೆ ಔಷಧದ ಬಗ್ಗೆ ತಿಳಿವಳಿಕೆ ನೀಡುವುದನ್ನೂ ಕರ್ತವ್ಯವೆಂದು ವಿಧಿಸಿದುವು.

ಚೀಟಿಯನ್ನು ಓದುವುದು ಈ ವೃತ್ತಿಯ ಮೊದಲ ವಿದ್ಯೆ. ವೈದ್ಯರ ಅಕ್ಷರ ಹಾಸ್ಯಕ್ಕೆ ವಸ್ತುವಾಗಿದೆಯಷ್ಟೆ. ಅದರ ಪರಿಣಾಮ ಹಾಸ್ಯಾಸ್ಪದವಾದುದಲ್ಲ. ಔಷಧದ ಹೆಸರುಗಳನ್ನು ಬಿಡಿಬಿಡಿಯಾಗಿ, ಆದಷ್ಟೂ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ಮಾಡಬೇಕಾಗಿ ಬಂದುದೇ ಇದಕ್ಕೆ ಸಾಕ್ಷಿ. ಕೇಳುವುದಕ್ಕೂ ಬರೆಯುವುದಕ್ಕೂ ಒಂದೇ ಬಗೆಯಾಗಿರುವ, ಆದರೆ ಗುಣದಲ್ಲಿ ಅಜಗಜಾಂತರವಿರುವ ಔಷಧಗಳು ಎಷ್ಟೋ ಇವೆ. 0.5 ಎಂಬಲ್ಲಿ ಚುಕ್ಕೆ ಅಳಿಸಿಹೋದರೆ ಪ್ರಮಾಣ ಹತ್ತುಪಟ್ಟಾಗುತ್ತದೆ. ಇಂಥ ಕಡೆಗಳಲ್ಲಿ ಊಹೆಗೆ ಎಡೆಯಿಲ್ಲ. ಸಂದೇಹ ಬಂದೊಡನೆ ವೈದ್ಯರಿಗೆ ದೂರವಾಣಿ ಮಾಡಿ ಕೇಳಬೇಕು. ವೈದ್ಯರು ಸಿಡುಕಬಹುದು, ಹೊರಗೆ ಕಾಯುತ್ತಿರುವ ಗಿರಾಕಿಗಳು ಗೊಣಗಬಹುದು. ತನಗೆ ತಿಳಿಯದೆಂದು ಒಪ್ಪಿಕೊಳ್ಳಲು ವಿತರಕರಿಗೇ ನಾಚಿಕೆಯಾಗಬಹುದು. ಆದರೂ ಕೇಳಲೇಬೇಕು.

ಅಕ್ಷರ ಸ್ಪಷ್ಟವಾಗಿದ್ದರೂ ಅಪಾಯ ತಪ್ಪದಿರುವುದುಂಟು. ಮೆಥೊಟ್ರೆಕ್ಸೇಟ್ ಎಂಬ ಔಷಧವನ್ನು ತೆಗೆದುಕೊಳ್ಳಬಹುದು. ಕೀಲುಗಳು ಊದಿ ಬಿಗಿಯುವ ಒಂದು ಬಗೆಯ ಸಂಧಿವಾತಕ್ಕೆ ಇದನ್ನು ಕೊಡುತ್ತಾರೆ. ಇದು ವಾರಕ್ಕೆ ಒಂದೇ ದಿನ ಸೇವಿಸತಕ್ಕದ್ದು. ಉಳಿದ ಮಾತ್ರೆಗಳೆಲ್ಲ ದಿನವೂ ನುಂಗುವಂಥವಾದ್ದರಿಂದ ಇದನ್ನೂ ದಿನವೂ ನುಂಗಿದರೆ ಬಾಯಲ್ಲಿ ಹುಣ್ಣುಗಳೇಳುತ್ತವೆ, ಮೂಳೆಯ ಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುವುದು ಕುಗ್ಗುತ್ತದೆ, ರೋಗಿ ಸಾಯಲೂಬಹುದು. ಇದರ ಜೊತೆಯಲ್ಲಿ ಬರೆದುಕೊಡುವ ಫೋಲಿಕ್ ಆಮ್ಲದ ಮಾತ್ರೆಯೂ ಎಷ್ಟೋ ವೇಳೆ ಇದರಂತೆಯೇ ಚಿಕ್ಕದು, ಹಳದಿಯದು. ಚೀಟಿಯಲ್ಲಿ ‘ವಾರಕ್ಕೊಮ್ಮೆ’ ಎಂದು ಬರೆದಿದ್ದ ಮಾತ್ರಕ್ಕೆ ವಿತರಕರ ಕೆಲಸ ಮುಗಿಯಲಿಲ್ಲ. “ಅಮ್ಮಾ, ಈ ಮಾತ್ರೆಯನ್ನು ಯಾವ ವಾರ ತೆಗೆದುಕೊಳ್ಳುತ್ತೀರಿ?” ಎಂದು ಕೇಳಿ, “ಸೋಮವಾರ” ಎಂಬ ಉತ್ತರವನ್ನು ಆಕೆಯ ಬಾಯಿಂದಲೇ ಹೇಳಿಸಿ, ಆ ದಿನದ ಹೆಸರನ್ನು ಲಕೋಟೆಯ ಮೇಲೆ ಬರೆದುಕೊಡಬೇಕು. ಇದಕ್ಕೆ ಹಿಡಿಯುವುದು ಅರ್ಧ ನಿಮಿಷ.

ಮಾತಿನ ಮಹತ್ವ ಇಂಥ ಚಿಕ್ಕ ಸಂಗತಿಗಳಲ್ಲಿಯೇ ಇದೆ. ಚೀಟಿಯಲ್ಲಿ 1–0–1 ಎಂದು ಬರೆದಿರುತ್ತದೆ. ಬೆಳಿಗ್ಗೆ ಒಂದು, ರಾತ್ರಿ ಒಂದು, ಮಧ್ಯಾಹ್ನ ಬೇಡವೆಂದು ಅದರ ಅರ್ಥ. ವಿದ್ಯಾವಂತರಿಗೂ ಇದು ಒಮ್ಮೊಮ್ಮೆ ಒಗಟಾಗುತ್ತದೆ. ಮಕ್ಕಳ ಔಷಧವನ್ನು ಒಂದು ಚಮಚ ಎಂದರೆ ಐದು ಮಿಲಿಲೀಟರು. ಮನೆಯ ಚಮಚಗಳಾದರೋ ಮನೆಗೊಂದು ಅಳತೆಯವು. ಆದ್ದರಿಂದ ಸೀಸೆಯ ಜೊತೆಗೆ ಬರುವ ಗುರುತುಳ್ಳ ಬಟ್ಟಲಿನಲ್ಲಿಯೇ ಅಳೆಯಬೇಕೆಂದು ತಾಯಿಗೆ ತೋರಿಸಿ ಹೇಳಬೇಕು. ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು, ಆದರೆ ಹೆಪ್ಪುಗಟ್ಟಿಸಬಾರದು. ಜ್ವರಕ್ಕೆಂದು ಕೊಂಡ ಮಾತ್ರೆಯಲ್ಲಿಯೂ ನೆಗಡಿಗೆಂದು ಕೊಂಡ ಮಾತ್ರೆಯಲ್ಲಿಯೂ ಹೆಸರು ಬೇರೆಯಾದರೂ ಪ್ಯಾರಸಿಟಮಾಲ್ ಎಂಬ ಒಂದೇ ವಸ್ತು ಇರುವುದುಂಟು. ಎರಡನ್ನೂ ನುಂಗಿದವರು ತಮಗರಿಯದೆಯೇ ಮಿತಿಯನ್ನು ದಾಟುತ್ತಾರೆ. ಅತಿಯಾದ ಪ್ಯಾರಸಿಟಮಾಲ್ ಯಕೃತ್ತಿಗೆ ಹಾನಿ ಮಾಡುತ್ತದೆ. ಇನ್ನು, ಹತ್ತು ಮಾತ್ರೆಗಳ ಪಟ್ಟಿಯಲ್ಲಿ ನಾಲ್ಕನ್ನು ಕತ್ತರಿಸಿಕೊಡುವಾಗ ಒಂದು ಜಾಣತನ ಬೇಕು. ಹೆಸರು, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಸಾಮಾನ್ಯವಾಗಿ ಪಟ್ಟಿಯ ಒಂದು ಕಡೆಗೆ ಅಚ್ಚಾಗಿರುತ್ತವೆ. ಕತ್ತರಿಸಿದ ತುಂಡಿನ ಮೇಲೆ ಏನೂ ಉಳಿಯದಿದ್ದರೆ ರೋಗಿಯ ಮನೆಯಲ್ಲಿ ಅದು ಹೆಸರಿಲ್ಲದ ಮಾತ್ರೆಯಾಗುತ್ತದೆ. ಲಕೋಟೆಯ ಮೇಲೆ ಆ ವಿವರಗಳನ್ನು ಬರೆದುಕೊಡುವವರು ಕಡಿಮೆ. ಬರೆದುಕೊಡುವವರ ಅಂಗಡಿಯನ್ನು ಜನ ಹುಡುಕಿಕೊಂಡು ಹೋಗುವುದು ಸಹಜ.

ಕೊಡುವುದಕ್ಕಿಂತ ಕೊಡದಿರುವುದು ಕಷ್ಟವಾದ ಕೆಲಸ. ಔಷಧದ ಪಟ್ಟಿಯ ಮೇಲೆ ನಿಂತಿರುವ ಕೆಂಪು ಗೆರೆಯನ್ನು ಬಹು ಮಂದಿ ನೋಡಿರಬಹುದು. ವೈದ್ಯರ ಚೀಟಿಯಿಲ್ಲದೆ ಇದನ್ನು ಮಾರಕೂಡದು ಎಂಬುದರ ಗುರುತು ಅದು. ಸೋಂಕುರೋಗಗಳ ಪ್ರತಿಜೈವಿಕ ಔಷಧಗಳೂ, ನಿದ್ರೆಯ ಮಾತ್ರೆಗಳೂ ಈ ಗುಂಪಿಗೆ ಸೇರಿವೆ. ನಿಯಮ ಹೀಗಿದ್ದರೂ ಅಂಗಡಿಯ ಮುಂದೆ ನಡೆಯುವುದೇ ಬೇರೆ. ಸಂಜೆ ಆರು ಗಂಟೆಗೆ ಕೂಲಿ ಮುಗಿಸಿ ಬಂದ ಮನುಷ್ಯನೊಬ್ಬ ಜ್ವರದಿಂದ ನಡುಗುತ್ತಾ ನಿಂತಿದ್ದಾನೆ. ವೈದ್ಯರನ್ನು ಕಂಡರೆ ಅವರ ಶುಲ್ಕವನ್ನು ತೆರಬೇಕು. ನಾಳೆ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಒಂದು ದಿನದ ಕೂಲಿ ಹೋಗುತ್ತದೆ. ಹೋದ ಸಲ ಕೊಟ್ಟ ಮಾತ್ರೆಯನ್ನೇ ಎರಡು ದಿನಕ್ಕೆ ಕೊಡಿರೆಂದು ಅವನು ಬೇಡುತ್ತಾನೆ. ಅವನ ಕಷ್ಟ ನಿಜವಾದುದು. ಅದನ್ನು ನಿಯಮದ ಮಾತಿನಿಂದ ತಳ್ಳಿಹಾಕುವುದು ಸುಲಭ, ಆದರೆ ಮನುಷ್ಯತ್ವವಲ್ಲ. ಹಾಗೆಂದು ಕೇಳಿದ್ದನ್ನು ಕೊಟ್ಟರೆ? ಜ್ವರ ವೈರಾಣುವಿನದಾಗಿದ್ದರೆ ಪ್ರತಿಜೈವಿಕದಿಂದ ಯಾವ ಪ್ರಯೋಜನವೂ ಇಲ್ಲ. ಬ್ಯಾಕ್ಟೀರಿಯದ್ದಾಗಿದ್ದರೂ ಬೇರೊಂದು ಕಾಯಿಲೆಗೆ ಕೊಟ್ಟ ಮಾತ್ರೆ ಇದಕ್ಕೆ ತಕ್ಕುದೆಂದು ಹೇಳುವಂತಿಲ್ಲ. ತಕ್ಕುದಲ್ಲದ ಔಷಧವನ್ನು ಬೇಕಾದಷ್ಟು ದಿನ ಕೊಡದಿದ್ದರೆ ರೋಗ ವಾಸಿಯಾಗದು, ಔಷಧಕ್ಕೆ ಮಣಿಯದ ಕ್ರಿಮಿಗಳು ಉಳಿದು ಬೆಳೆಯಲು ಅವಕಾಶ ದೊರೆಯುತ್ತದೆ. ಇಂಥ ಕ್ರಿಮಿಗಳು ಅವನೊಬ್ಬನ ಮೈಯಲ್ಲಿಯೇ ನಿಲ್ಲುವುದಿಲ್ಲ. ಅವನ ಮನೆಯ ಮಕ್ಕಳಿಗೂ ಹರಡುತ್ತವೆ.

ಇಲ್ಲಿ ಯೋಗ್ಯರಾದ ವಿತರಕರು ಮಾಡುವುದೇನು? ಜ್ವರ ಎಷ್ಟು ದಿನದಿಂದ ಇದೆ, ಉಸಿರಾಟಕ್ಕೆ ಕಷ್ಟವಿದೆಯೆ, ವಾಂತಿಯಿದೆಯೆ ಎಂದು ಕೇಳುತ್ತಾರೆ. ಅಪಾಯದ ಚಿಹ್ನೆ ಕಂಡರೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಲು ಹೇಳುತ್ತಾರೆ. ಇಲ್ಲವಾದರೆ ಚೀಟಿ ಬೇಡದ ಜ್ವರದ ಮಾತ್ರೆಯನ್ನು ಪ್ರಮಾಣ ತಿಳಿಸಿ ಕೊಟ್ಟು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಎಷ್ಟು ಹೊತ್ತಿಗೆ ತೆರೆಯುತ್ತದೆಂಬುದನ್ನು ತಿಳಿಸುತ್ತಾರೆ. ಅವರಿಗೆ ಆ ವ್ಯಾಪಾರದಲ್ಲಿ ಸಿಕ್ಕಿದ ಲಾಭ ಕೆಲವು ಪೈಸೆಗಳು. ಪಕ್ಕದ ಅಂಗಡಿಯವರು ಅದೇ ಗಿರಾಕಿಗೆ ಕೇಳಿದ್ದನ್ನು ಕೊಟ್ಟು ಕಳುಹಿಸಬಹುದೆಂಬುದೂ ಅವರಿಗೆ ಗೊತ್ತು. ಒಳ್ಳೆಯ ನಡತೆಗೆ ನಷ್ಟವೇ ಬೆಲೆಯಾಗುವ ಇಂಥ ಸ್ಥಿತಿಯನ್ನು ಬರಿಯ ಉಪದೇಶದಿಂದ ಸರಿಪಡಿಸಲಾಗದು. ನಿಯಮ ಎಲ್ಲ ಅಂಗಡಿಗಳಿಗೂ ಸಮನಾಗಿ ಅನ್ವಯಿಸುವಂತೆ ಇಲಾಖೆಯ ಕಣ್ಣು ತೆರೆದಿರಬೇಕು.

ಇನ್ನೊಂದು ತೊಡಕು ಬೆಲೆಯದು. ಚೀಟಿಯಲ್ಲಿರುವ ಔಷಧ ದುಬಾರಿ. ಅದೇ ವಸ್ತುವುಳ್ಳ ಬೇರೆ ಕಂಪನಿಯ ಔಷಧ ಅಗ್ಗ. ಬದಲಾಯಿಸಿ ಕೊಡಬಹುದೆ? ಚೀಟಿಯ ಮೇಲೆಯೇ ಕೊಡಬೇಕಾದ ಔಷಧಗಳಲ್ಲಿ ಹಾಗೆ ತಮ್ಮಷ್ಟಕ್ಕೆ ಬದಲಾಯಿಸುವುದನ್ನು ಔಷಧ ನಿಯಮಗಳು ನಿಷೇಧಿಸುತ್ತವೆ. ಅಗ್ಗದ ಹೆಸರಿನಲ್ಲಿ ಹೆಚ್ಚು ಲಾಭದ ಸರಕನ್ನು ಹಚ್ಚುವವರನ್ನು ತಡೆಯುವುದು ಈ ನಿಷೇಧದ ಫಲ; ನಿಜವಾಗಿ ಬಡವನಿಗೆ ನೆರವಾಗಬೇಕೆನ್ನುವವರ ಕೈಯನ್ನೂ ಅದು ಕಟ್ಟುತ್ತದೆಂಬುದನ್ನು ಒಪ್ಪಿಕೊಳ್ಳಬೇಕು. ವೈದ್ಯರಿಗೆ ದೂರವಾಣಿ ಮಾಡಿ, ಅವರ ಒಪ್ಪಿಗೆಯಿಂದ ಚೀಟಿಯನ್ನು ತಿದ್ದಿಸಿಕೊಳ್ಳಲು ಹೇಳುವುದು, 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಮಳಿಗೆಗಳ ವಿಷಯ ತಿಳಿಸುವುದು, ಇವು ಸದ್ಯಕ್ಕಿರುವ ಸರಿಯಾದ ದಾರಿಗಳು. ತನ್ನ ಗಿರಾಕಿಯನ್ನು ಬೇರೊಂದು ಅಂಗಡಿಗೆ ಕಳುಹಿಸುವ ವ್ಯಾಪಾರಿ ಲೋಕದಲ್ಲಿ ವಿರಳ. ಔಷಧ ವಿತರಕರಿಂದ ಮಾತ್ರ ಸಮಾಜವು ಇದನ್ನು ನಿರೀಕ್ಷಿಸುತ್ತದೆ. ಹಾಗೆಯೇ, ವೈದ್ಯರಿಗೆ ಪಾಲು ಕೊಟ್ಟು ಚೀಟಿಗಳನ್ನು ತಮ್ಮ ಅಂಗಡಿಗೆ ತಿರುಗಿಸಿಕೊಳ್ಳುವುದು ಫ್ರೆಡರಿಕ್ ಚಕ್ರವರ್ತಿಯ ಕಾಲದಲ್ಲಿ ಹೇಗೆ ದೋಷವೋ ಇಂದೂ ಹಾಗೆಯೇ ದೋಷ.

ಚಿಕ್ಕ ಊರುಗಳಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಯಾರ ಮನೆಯಲ್ಲಿ ಕ್ಷಯವಿದೆ, ಯಾರು ಮನೋರೋಗದ ಮಾತ್ರೆ ನುಂಗುತ್ತಿದ್ದಾರೆ ಎಂಬುದು ಔಷಧದಂಗಡಿಯವರಿಗೆ ಊರಿನ ಶಾನುಭೋಗರಿಗಿಂತ ಚೆನ್ನಾಗಿ ತಿಳಿದಿರುತ್ತದೆ. ಮದುವೆಯ ಸಂಬಂಧ ಬೆಳೆಸುವವರು ಹುಡುಗನ ಅಥವಾ ಹುಡುಗಿಯ ಆರೋಗ್ಯದ ಸುದ್ದಿಯನ್ನು ಅವರಿಂದ ಮೆಲ್ಲಗೆ ಕೇಳಲು ಬರುವುದೂ ಉಂಟು. ಅಲ್ಲಿ ಒಂದು ಮಾತು, ಒಂದು ನಗೆ, ಹುಬ್ಬಿನ ಒಂದು ಕೊಂಕು ಸಾಕು, ಒಂದು ಸಂಸಾರದ ಮಾನ ಬೀದಿಗೆ ಬೀಳುತ್ತದೆ. ನಾಲ್ಕು ಜನ ನಿಂತಿರುವಾಗ ಔಷಧದ ಹೆಸರನ್ನು ಕೂಗಿ ಕರೆಯದೆ, ರೋಗಿಯನ್ನು ಒಂದು ಪಕ್ಕಕ್ಕೆ ಕರೆದು, ತಗ್ಗಿದ ದನಿಯಲ್ಲಿ ಹೇಳುವ ಅಭ್ಯಾಸವನ್ನು ಯಾವ ಪರೀಕ್ಷೆಯೂ ಕಲಿಸದು. ಗುಟ್ಟು ಹೊರಬಿದ್ದೀತೆಂಬ ಭಯದಿಂದ ಕ್ಷಯರೋಗಿಯು ಅಂಗಡಿಗೆ ಬರುವುದನ್ನೇ ಬಿಟ್ಟರೆ ಅವನ ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತದೆ.

ಕ್ಷಯದ ಔಷಧಗಳನ್ನೂ, ಮುಖ್ಯವಾದ ಕೆಲವು ಪ್ರತಿಜೈವಿಕಗಳನ್ನೂ, ಚಟ ಹತ್ತಿಸಬಲ್ಲ ಕೆಲವು ಮಾತ್ರೆಗಳನ್ನೂ ಸರ್ಕಾರವು ‘ಎಚ್-1’ ಎಂಬ ಪ್ರತ್ಯೇಕ ಅನುಸೂಚಿಯಲ್ಲಿ ಸೇರಿಸಿ 2014ರ ಮಾರ್ಚಿಯಿಂದ ಜಾರಿಗೆ ತಂದಿತು. ಇವನ್ನು ಕೊಡುವಾಗ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು, ಕೊಟ್ಟ ಪ್ರಮಾಣ ಇಷ್ಟನ್ನೂ ಬೇರೆಯ ಪುಸ್ತಕದಲ್ಲಿ ಬರೆದು, ಆ ಪುಸ್ತಕವನ್ನು ಮೂರು ವರ್ಷ ಕಾಪಾಡಬೇಕು. ಪರಿವೀಕ್ಷಕರು ಬಂದಾಗ ಮೊದಲು ಕೇಳುವ ದಾಖಲೆಗಳಲ್ಲಿ ಇದೂ ಒಂದು.

ಇಷ್ಟೆಲ್ಲ ಏರ್ಪಾಡುಗಳಿದ್ದರೂ, ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ಫಾರ್ಮಾಸಿಸ್ಟರ ಪ್ರಮಾಣಪತ್ರ ಮಾತ್ರ ತೂಗುತ್ತಿದ್ದು, ಪತ್ರದ ಒಡೆಯರು ಬೇರೆಲ್ಲಿಯೋ ಬೇರೆ ಉದ್ಯೋಗದಲ್ಲಿರುವ ಅಂಗಡಿಗಳು ಇಲ್ಲದೆ ಇಲ್ಲ. ತಿಂಗಳಿಗಿಷ್ಟೆಂದು ಬಾಡಿಗೆಗೆ ಕೊಟ್ಟ ಆ ಪತ್ರದ ಕೆಳಗೆ, ಶಾಲೆಯನ್ನು ಅರ್ಧಕ್ಕೆ ಬಿಟ್ಟ ಹುಡುಗನೊಬ್ಬ ಚೀಟಿಗಳನ್ನು ಓದುತ್ತಿರುತ್ತಾನೆ. ಅವನು ಚುರುಕಾದ ಹುಡುಗನೇ ಇರಬಹುದು. ಯಾವ ಮಾತ್ರೆ ಯಾವ ಖಾನೆಯಲ್ಲಿದೆಯೆಂಬುದು ಅವನಿಗೆ ಬಾಯಿಪಾಠವಾಗಿರಬಹುದು. ವಾರಕ್ಕೊಮ್ಮೆಯ ಹಳದಿ ಮಾತ್ರೆಗೂ ದಿನವಹಿಯ ಹಳದಿ ಮಾತ್ರೆಗೂ ಇರುವ ಭೇದವನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. “ಇಲ್ಲಿ ಫಾರ್ಮಾಸಿಸ್ಟರು ಯಾರು, ಅವರಿದ್ದಾರೆಯೆ?” ಎಂದು ಕೇಳುವ ಹಕ್ಕು ಚೀಟಿ ಹಿಡಿದು ನಿಂತ ಪ್ರತಿಯೊಬ್ಬರಿಗೂ ಇದೆ. ಕೇಳುವವರು ಇನ್ನೂ ಬಹಳ ಕಡಿಮೆ.